ಬೀದಿನಾಯಿ ಮರಿಗಳ ಸಾವಿಗೆ ಲೆಕ್ಕವೇ ಇಲ್ಲ: ರೇಬಿಸ್ ತಡೆಯ ಹಾದಿಯಲ್ಲಿ ಕೋಲ್ಕತ್ತಾ ತೋರಿಸುವ ಕೊರತೆ

ಬೀದಿನಾಯಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ ಮೂರು ಕೆಲಸಗಳ ಪ್ರಸ್ತಾಪವಿತ್ತು. ಹಿಡಿದ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬೇಕು, ಜಂತುಹುಳು ನಿವಾರಣೆಯ ಔಷಧ ಕೊಡಬೇಕು, ಲಸಿಕೆ ಹಾಕಬೇಕು. ಆ ಬಳಿಕ ರೇಬಿಸ್ ಸೋಂಕಿನ ನಾಯಿಗಳು ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಸಂತಾನಹರಣ ಮತ್ತು ರೇಬಿಸ್ ಲಸಿಕೆಯ ಬಗ್ಗೆ ದೇಶದೆಲ್ಲೆಡೆ ಚರ್ಚೆ ನಡೆಯಿತು. ನಡುವೆ ಇದ್ದ ಜಂತುಹುಳು ನಿವಾರಣೆಯ ಮಾತು ಯಾರ ಕಿವಿಗೂ ಬೀಳಲಿಲ್ಲ.

ಅದೇ ವರ್ಷದ ಅಕ್ಟೋಬರ್ 27ರಂದು ಈ ಪ್ರಕರಣ ಮತ್ತೆ ವಿಚಾರಣೆಗೆ ಬಂದಾಗ, ಆದೇಶ ಪಾಲನೆಯ ಪ್ರಮಾಣಪತ್ರ ಸಲ್ಲಿಸಿದ್ದ ರಾಜ್ಯಗಳು ಎರಡೇ: ತೆಲಂಗಾಣ ಮತ್ತು ಪಶ್ಚಿಮ ಬಂಗಾಳ. ಉಳಿದ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೆ ಖುದ್ದು ಹಾಜರಾಗುವಂತೆ ನ್ಯಾಯಪೀಠ ಸೂಚಿಸಿತು. ಕಾಗದದ ಮೇಲೆ ಮುಂದಿರುವ ಬಂಗಾಳದ ರಾಜಧಾನಿ ಕೋಲ್ಕತ್ತಾದ ಬೀದಿಯಲ್ಲಿ ಒಂದು ನಾಯಿಮರಿ ಬದುಕಿ ಉಳಿಯುವ ಸಾಧ್ಯತೆ ಎಷ್ಟು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ, ದೇಶದ ರೇಬಿಸ್ ತಡೆ ಯೋಜನೆಯಲ್ಲಿರುವ ದೊಡ್ಡ ಕೊರತೆಯೊಂದು ಕಣ್ಣಿಗೆ ಬೀಳುತ್ತದೆ.

100 ಮರಿಗಳಲ್ಲಿ ಉಳಿಯುವುದು 19

ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ವಿಜ್ಞಾನಿ ಅನಿಂದಿತಾ ಭದ್ರಾ ಅವರ ತಂಡ ಹಲವು ವರ್ಷಗಳಿಂದ ಬೀದಿನಾಯಿಗಳ ನಡವಳಿಕೆಯನ್ನು ಅಧ್ಯಯನ ಮಾಡುತ್ತಿದೆ. ಪಶ್ಚಿಮ ಬಂಗಾಳದಲ್ಲಿ 5 ವರ್ಷ ನಡೆಸಿದ ಗಣತಿ ಆಧಾರಿತ ಅಧ್ಯಯನವೊಂದನ್ನು ಈ ತಂಡ 2016ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. 95 ಸೂಲುಗಳಲ್ಲಿ ಹುಟ್ಟಿದ 364 ಮರಿಗಳ ಪೈಕಿ ಮರಿ ಹಾಕುವ ವಯಸ್ಸಿಗೆ ಬಂದದ್ದು ಶೇ 19 ಮಾತ್ರ. ಅಂದರೆ 5 ಮರಿಗಳಲ್ಲಿ ಒಂದೂ ಪೂರ್ತಿಯಾಗಿ ಉಳಿಯಲಿಲ್ಲ.

ಸಾವುಗಳಲ್ಲಿ ಶೇ 63ರಷ್ಟಕ್ಕೆ ಮನುಷ್ಯರೇ ಒಂದಲ್ಲ ಒಂದು ರೀತಿಯಲ್ಲಿ ಕಾರಣ ಎಂದು ಅಧ್ಯಯನ ಹೇಳಿತು. ವಾಹನದ ಚಕ್ರ, ವಿಷ, ಹೊಡೆತ ಇವೆಲ್ಲ ಇದರಲ್ಲಿ ಸೇರಿವೆ. 2019ರ ಜನವರಿಯಲ್ಲಿ ಕೋಲ್ಕತ್ತಾದ ನೀಲ್ ರತನ್ ಸರ್ಕಾರ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಆವರಣದಲ್ಲಿ 16 ಮರಿಗಳ ಶವ ಸಿಕ್ಕಾಗ ಇಡೀ ನಗರ ಸಿಟ್ಟಿಗೆದ್ದಿತ್ತು. ಪ್ರತಿಭಟನೆ ನಡೆಯಿತು, ಬಂಧನವೂ ಆಯಿತು. ಆದರೆ ರೋಗ, ಹುಳು, ಅಪೌಷ್ಟಿಕತೆಗೆ ಬಲಿಯಾಗುವ ಮರಿಗಳ ಸಾವಿಗೆ ದೂರು ಕೊಡುವವರಿಲ್ಲ, ಲೆಕ್ಕ ಇಡುವವರೂ ಇಲ್ಲ. ಮರಿ ಒಂದು ದಿನ ಕಾಣೆಯಾಗುತ್ತದೆ, ಅಷ್ಟೇ.

ಮುಂಗಾರಿನ ಕೊನೆಯ ಭಾಗದಲ್ಲಿ ಕೂಡುವ ನಾಯಿಗಳು ಚಳಿಗಾಲದ ಹೊತ್ತಿಗೆ ಮರಿ ಹಾಕುತ್ತವೆ. ಒಂದೇ ಪಾಡಾದಲ್ಲಿ, ಅಂದರೆ ಒಂದೇ ಕೇರಿಯಲ್ಲಿ, ಮೂರು ನಾಲ್ಕು ನಾಯಿಗಳು ಒಟ್ಟಿಗೆ ಮರಿ ಹಾಕಿದಾಗ ರೋಗಕ್ಕೆ ಇದಕ್ಕಿಂತ ಅನುಕೂಲ ಬೇಕಿಲ್ಲ.

ಬಿಷ್ಣುಪುರದಲ್ಲಿ ಆಗಿದ್ದೇನು?

ರೋಗ ಹರಡಿದರೆ ಏನಾಗುತ್ತದೆ ಎಂಬುದಕ್ಕೆ ಬಂಗಾಳದಲ್ಲೇ ಉದಾಹರಣೆ ಇದೆ. ಸುಟ್ಟ ಮಣ್ಣಿನ ದೇವಾಲಯಗಳಿಗೆ ಹೆಸರಾದ ಬಾಂಕುರಾ ಜಿಲ್ಲೆಯ ಬಿಷ್ಣುಪುರ ಪಟ್ಟಣದಲ್ಲಿ 2021ರ ಫೆಬ್ರುವರಿಯಲ್ಲಿ ಕೆಲವೇ ದಿನಗಳ ಅಂತರದಲ್ಲಿ ಸುಮಾರು 200 ಬೀದಿನಾಯಿಗಳು ಸತ್ತವು. ಪಟ್ಟಣದ ಜನ ಗಾಬರಿಯಾದರು. ಮಾದರಿಗಳನ್ನು ಪರೀಕ್ಷೆಗಾಗಿ ಕೋಲ್ಕತ್ತಾಕ್ಕೆ ಕಳುಹಿಸಲಾಯಿತು. ಇದು ವೈರಸ್ ಸೋಂಕು, ಈ ಕಾಲದಲ್ಲಿ ನಾಯಿಗಳಲ್ಲಿ ಕಾಣಿಸಿಕೊಳ್ಳುವಂಥದ್ದು, ಮನುಷ್ಯರಿಗೆ ಹರಡುವುದಿಲ್ಲ ಎಂದು ಅಧಿಕಾರಿಗಳು ಸಮಾಧಾನ ಹೇಳಿದರು.

ಮನುಷ್ಯರಿಗೆ ಹರಡುವುದಿಲ್ಲ ಎಂಬ ಮಾತಿನೊಂದಿಗೆ ಸುದ್ದಿಯೂ ಮುಗಿಯಿತು. ಆದರೆ ನಾಯಿಗಳನ್ನು ಗುಂಪುಗುಂಪಾಗಿ ಕೊಲ್ಲುವ ವೈರಸ್‌ಗಳು ಹೊಸವಲ್ಲ. ಅವುಗಳಲ್ಲಿ ಮುಖ್ಯವಾದವು ಎರಡು.

ಮೊದಲನೆಯದು ಪಾರ್ವೊ. 1978ರ ಸುಮಾರಿಗೆ ಜಗತ್ತಿನ ಗಮನಕ್ಕೆ ಬಂದ ಈ ವೈರಸ್ ಎರಡೇ ವರ್ಷಗಳಲ್ಲಿ ಖಂಡಗಳನ್ನು ದಾಟಿತು. ಮರಿಗಳ ಕರುಳಿನ ಒಳಪದರವನ್ನೇ ಇದು ನಾಶ ಮಾಡುತ್ತದೆ. ಮೇವು ಬಿಡುವುದು, ವಾಂತಿ, ದುರ್ವಾಸನೆಯ ರಕ್ತಭೇದಿ, ನೀರಿನಂಶ ಕಳೆದುಕೊಂಡು ಎರಡು ಮೂರು ದಿನಗಳಲ್ಲಿ ಸಾವು. ವೈರಸ್ ಕೊಲ್ಲುವ ಔಷಧ ಕೈಗೆಟಕುವಂತಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ದೇಹ ತಾನೇ ಚೇತರಿಸಿಕೊಳ್ಳುವವರೆಗೆ ಕಾಯುವುದೇ ಚಿಕಿತ್ಸೆ. ರೋಗಿಷ್ಟ ಮರಿಯ ಮಲ ಬಿದ್ದ ಜಾಗದಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಸೋಪು, ಫಿನೈಲ್‌ಗೆ ಅದು ಜಗ್ಗುವುದಿಲ್ಲ. ಜಾಗವನ್ನು ಮೊದಲು ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಹಾಕಿ ಹತ್ತು ನಿಮಿಷ ಬಿಟ್ಟರೆ ಮಾತ್ರ ಸಾಯುತ್ತದೆ.

ಎರಡನೆಯದು ಡಿಸ್ಟೆಂಪರ್. ಕಣ್ಣು ಮೂಗಿನಲ್ಲಿ ಕೀವು, ಜ್ವರ, ಕೆಮ್ಮಿನಿಂದ ಶುರುವಾಗಿ ಕೆಲವು ವಾರಗಳ ಬಳಿಕ ಮಿದುಳಿಗೆ ಏರುತ್ತದೆ. ಆಗ ನಾಯಿ ಫಿಟ್ಸ್ ಬಂದು ಬೀಳುತ್ತದೆ, ದವಡೆ ಅದುರುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ನೋಡಿದವರು 'ಹುಚ್ಚುನಾಯಿ' ಎಂದು ಬಡಿದು ಸಾಯಿಸುವುದೂ ಉಂಟು. ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸುವುದು ವೈದ್ಯರಿಗೂ ಕಷ್ಟ. ಹಾಗಾಗಿ ಇಂಥ ನಾಯಿಯಿಂದ ದೂರವಿದ್ದು ಪಾಲಿಕೆಗೆ ತಿಳಿಸುವುದೇ ಸರಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ರೇಬಿಸ್ ಲಸಿಕೆ ಪಡೆಯಬೇಕು.

ತಾಯಿಹಾಲಿನ ರಕ್ಷಣೆ ಮುಗಿಯುವ ಹೊತ್ತು

ಎರಡೂ ರೋಗಗಳಿಗೆ ಒಳ್ಳೆಯ ಲಸಿಕೆ ಇದೆ. ಆದರೂ ಲಸಿಕೆ ಹಾಕಿಸಿದ ಸಾಕುಮರಿಗಳೂ ಪಾರ್ವೊಗೆ ಬಲಿಯಾಗುವುದೇಕೆ? ಕಾರಣ ತಾಯಿಯ ಹಾಲಿನಲ್ಲಿದೆ.

ಹುಟ್ಟಿದ ಮೊದಲ ದಿನದ ಗಿಣ್ಣುಹಾಲಿನಿಂದ ಮರಿಗೆ ತಾಯಿಯ ಪ್ರತಿಕಾಯಗಳು ಸಿಗುತ್ತವೆ. ಕೆಲವು ವಾರ ಅವೇ ಮರಿಯನ್ನು ಕಾಯುತ್ತವೆ. ಆದರೆ ಅದೇ ಪ್ರತಿಕಾಯಗಳು ಲಸಿಕೆಯನ್ನೂ ಶತ್ರುವೆಂದು ತಿಳಿದು ನಿಷ್ಫಲಗೊಳಿಸುತ್ತವೆ. ಅವು ಕ್ರಮೇಣ ಕಡಿಮೆಯಾಗುವಾಗ ಒಂದು ಅಪಾಯದ ಅವಧಿ ಬರುತ್ತದೆ. ಆಗ ರೋಗ ತಡೆಯಲು ಅವು ಸಾಲುವುದಿಲ್ಲ, ಲಸಿಕೆಯನ್ನು ಕೆಡಿಸಲು ಮಾತ್ರ ಸಾಕಾಗುತ್ತವೆ. ಈ ಅವಧಿ ಯಾವ ಮರಿಗೆ ಯಾವ ವಾರ ಎಂದು ಹೇಳಲಾಗದು. ಅದಕ್ಕಾಗಿಯೇ 6ರಿಂದ 8 ವಾರಕ್ಕೆ ಮೊದಲ ಲಸಿಕೆ, ನಂತರ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ, ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಎಂಬ ಕ್ರಮ ಜಗತ್ತಿನೆಲ್ಲೆಡೆ ಇದೆ. ಒಂದೇ ಸೂಜಿ ಹಾಕಿಸಿ 'ಲಸಿಕೆ ಆಯಿತು' ಎಂದುಕೊಳ್ಳುವುದು ದೊಡ್ಡ ತಪ್ಪು.

ಇದಕ್ಕೆ ಇನ್ನೊಂದು ತಪ್ಪು ಸೇರುವುದು ಮಾರುಕಟ್ಟೆಯಲ್ಲಿ. 8 ವಾರ ತುಂಬದ ಮರಿಗಳನ್ನು ಮಾರುವಂತಿಲ್ಲ ಎಂದು 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಉತ್ತರ ಕೋಲ್ಕತ್ತಾದ ಬಾಗ್‌ಬಜಾರ್ ಬಳಿಯ ಗ್ಯಾಲಿಫ್ ಸ್ಟ್ರೀಟ್‌ನಲ್ಲಿ ಪ್ರತಿ ಭಾನುವಾರ ಸೇರುವ ಸಾಕುಪ್ರಾಣಿ ಸಂತೆ ದೇಶದಲ್ಲೇ ಹೆಸರುವಾಸಿ. ಇಂಥ ಯಾವುದೇ ಸಂತೆಯಲ್ಲಿ ಹತ್ತಾರು ಕಡೆಯ ಮರಿಗಳು ಒಂದೆಡೆ ಸೇರುತ್ತವೆ. ತಾಯಿಯ ರಕ್ಷಣೆ ಇಳಿಯುತ್ತಿರುವ, ತನ್ನದೇ ರಕ್ಷಣೆ ಇನ್ನೂ ಹುಟ್ಟದ ಮರಿಯೊಂದು ಅಲ್ಲಿ ಸೋಂಕು ತಗುಲಿಸಿಕೊಂಡು ಮನೆ ಸೇರಿದರೆ, ರೋಗ ಕಾಣಿಸಿಕೊಳ್ಳುವುದು ನಾಲ್ಕೈದು ದಿನಗಳ ಮೇಲೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಮರಿ ಕೊಳ್ಳುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಹುಳು ನಾಯಿಯದು, ಕಾಯಿಲೆ ಮಗುವಿನದು

ಪಾರ್ವೊ, ಡಿಸ್ಟೆಂಪರ್ ಮನುಷ್ಯರಿಗೆ ಬರುವುದಿಲ್ಲ ಎಂದು ಸುಮ್ಮನಿರಬಹುದು. ಹುಳುಗಳ ವಿಚಾರ ಹಾಗಲ್ಲ.

ನಾಯಿಯ ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಅಂಟುತ್ತದೆ. ಕೊಕ್ಕೆಹುಳು ತಾಯಿಹಾಲಿನ ಮೂಲಕ ಬರುತ್ತದೆ. ಆದ್ದರಿಂದಲೇ ಮರಿಗೆ ಎರಡು ವಾರ ತುಂಬುತ್ತಲೇ ಜಂತುಹುಳು ಔಷಧ ಶುರು ಮಾಡಿ, ಎರಡು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ರೂಢಿ. ಹೊಟ್ಟೆ ಉಬ್ಬಿದ, ಒಸಡು ಬಿಳಿಚಿದ ಬೀದಿಮರಿ ಕಂಡರೆ ಅದರ ಹೊಟ್ಟೆಯಲ್ಲಿ ಅನ್ನವಲ್ಲ, ಹುಳುವಿದೆ ಎಂದೇ ಅರ್ಥ. ಕೊಕ್ಕೆಹುಳು ರಕ್ತ ಹೀರಿ ಸಣ್ಣ ಮರಿಗಳನ್ನು ಕೊಲ್ಲಬಲ್ಲದು.

ಈ ಮರಿಗಳ ಮಲ ಬಿದ್ದ ಮಣ್ಣಿನಲ್ಲಿ ಆಡುವ ಮಕ್ಕಳ ಬಾಯಿಗೆ ದುಂಡುಹುಳುವಿನ ಮೊಟ್ಟೆ ಸೇರಿದರೆ, ಮರಿಹುಳು ಯಕೃತ್ತು, ಶ್ವಾಸಕೋಶ, ಕೆಲವೊಮ್ಮೆ ಕಣ್ಣಿಗೂ ಹೋಗಿ ದೃಷ್ಟಿಗೇ ಕುತ್ತು ತರಬಹುದು. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮವನ್ನೇ ಕೊರೆದು ಒಳಸೇರುತ್ತವೆ.

ಈ ಕಥೆಯಲ್ಲಿ ಬಂಗಾಳಕ್ಕೆ ಶತಮಾನದ ಹಿಂದಿನ ಪಾತ್ರವಿದೆ. ನಾಯಿ, ಬೆಕ್ಕುಗಳ ಕೊಕ್ಕೆಹುಳುವಿನ ಒಂದು ಜಾತಿಯಾದ 'ಆ್ಯನ್‌ಕಿಲೋಸ್ಟೋಮ ಸಿಲೋನಿಕಮ್' ಮನುಷ್ಯರ ಕರುಳಿನಲ್ಲೂ ನೆಲೆಸುತ್ತದೆ ಎಂಬುದನ್ನು ವೈದ್ಯ ಕ್ಲೇಟನ್ ಲೇನ್ ವರದಿ ಮಾಡಿದ್ದು 1913ರಲ್ಲಿ, ಕಲ್ಕತ್ತಾದಿಂದ ಹೊರಡುತ್ತಿದ್ದ 'ಇಂಡಿಯನ್ ಮೆಡಿಕಲ್ ಗೆಜೆಟ್' ಪತ್ರಿಕೆಯಲ್ಲಿ. ಬಹುಕಾಲ ಅಪರೂಪವೆಂದು ಬದಿಗಿಟ್ಟಿದ್ದ ಈ ಹುಳು ಏಷ್ಯಾದ ಹಲವೆಡೆ ಮನುಷ್ಯರಲ್ಲಿ ಸಾಮಾನ್ಯ ಎಂದು ಈ ಶತಮಾನದ ಡಿಎನ್‌ಎ ಪರೀಕ್ಷೆಗಳು ತೋರಿಸಿವೆ. ಶಾಲೆಗಳಲ್ಲಿ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಆಲ್ಬೆಂಡಝೋಲ್ ಮಾತ್ರೆ ನುಂಗಿಸುತ್ತೇವೆ. ಆ ಮಗು ಆಡುವ ಬೀದಿಯ ನಾಯಿಗಳಲ್ಲಿ ಇದೇ ಹುಳು ಉಳಿದರೆ, ಮಾತ್ರೆ ತಿಂದ ಮಗುವಿಗೆ ಮರಳಿ ಸೋಂಕಾಗುವ ದಾರಿ ತೆರೆದೇ ಇರುತ್ತದೆ.

ನಿಂತ ನೀರು, ಉಣ್ಣೆ, ಕಜ್ಜಿ

ಕೋಲ್ಕತ್ತಾದ ತೇವ ಮತ್ತು ಸೆಕೆ ಪರಾವಲಂಬಿಗಳಿಗೆ ಹೇಳಿ ಮಾಡಿಸಿದ ಹವೆ. 2025ರ ಸೆಪ್ಟೆಂಬರ್ 23ರಂದು, ದುರ್ಗಾಪೂಜೆಯ ಹೊಸ್ತಿಲಲ್ಲಿ, ನಗರದಲ್ಲಿ 24 ಗಂಟೆಗಳಲ್ಲಿ 250 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿದು ಬೀದಿಗಳು ಹೊಳೆಯಾಗಿದ್ದವು. ಹೀಗೆ ನಿಂತ ನೀರಿನಲ್ಲಿ ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ.

ಕಂದು ಉಣ್ಣೆಗಳು ಎರ್ಲಿಕಿಯಾ, ಬೇಬಿಸಿಯಾ ಎಂಬ ರಕ್ತದ ರೋಗಗಳನ್ನು ಹೊತ್ತು ತರುತ್ತವೆ. ನಾಯಿಗಳನ್ನು ಕಾಡುವ ಒಂದು ಬೇಬಿಸಿಯಾ ಜಾತಿಯನ್ನು ಜಗತ್ತಿನಲ್ಲೇ ಮೊದಲು ಗುರುತಿಸಿದ್ದು 1910ರಲ್ಲಿ, ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ. ಜ್ವರ, ಬಿಳಿಚಿದ ಒಸಡು, ಕಾಫಿ ಬಣ್ಣದ ಮೂತ್ರ, ಮೂಗಿನಲ್ಲಿ ರಕ್ತ ಕಂಡರೆ 'ಟಿಕ್ ಫೀವರ್' ಎಂದು ಅನುಮಾನಿಸಿ ರಕ್ತ ಪರೀಕ್ಷೆ ಮಾಡಿಸಬೇಕು. ಉಣ್ಣೆಗಳು ನಾಯಿಯ ಮೈಮೇಲಿಗಿಂತ ಹೆಚ್ಚಾಗಿ ಗೋಡೆಯ ಬಿರುಕು, ಮಲಗುವ ಗೋಣಿಚೀಲದಲ್ಲಿ ಇರುತ್ತವೆ. ಮೈಗೆ ಔಷಧ ಹಚ್ಚಿ ಜಾಗ ಬಿಟ್ಟರೆ ಪ್ರಯೋಜನವಿಲ್ಲ.

ಕಜ್ಜಿ ಹತ್ತಿದ ಬೀದಿನಾಯಿಗಳಿಗೆ ಕರುಣೆಯಿಂದ ಐವರ್‌ಮೆಕ್ಟಿನ್ ಕೊಡುವ ರೂಢಿ ಎಲ್ಲ ನಗರಗಳಲ್ಲೂ ಇದೆ. ಔಷಧ ಪರಿಣಾಮಕಾರಿ, ಬೆಲೆಯೂ ಕಡಿಮೆ. ಆದರೆ ಅಂದಾಜಿನಲ್ಲಿ ಕೊಟ್ಟರೆ ಸಣ್ಣ ಮರಿಗಳಿಗೆ ವಿಷವಾಗುತ್ತದೆ. ಕಾಲಿ ಮತ್ತು ಅದಕ್ಕೆ ಸಂಬಂಧಿಸಿದ ಕುರಿಗಾಹಿ ತಳಿಗಳ ಮಿದುಳಿಗೆ ಇದು ನೇರವಾಗಿ ತಾಗುತ್ತದೆ. ತೂಕ ನೋಡಿ, ವೈದ್ಯರು ಹೇಳಿದಷ್ಟೇ ಕೊಡಬೇಕು.

ರೇಬಿಸ್ ಲೆಕ್ಕ ತಪ್ಪುವುದು ಇಲ್ಲೇ

ಮರಿ ಸತ್ತರೆ ರೇಬಿಸ್‌ಗೂ ಅದಕ್ಕೂ ಏನು ಸಂಬಂಧ? ಸಂಬಂಧ ನೇರವಾಗಿದೆ.

ಭಾರತದಲ್ಲಿ ರೇಬಿಸ್‌ನಿಂದ ವರ್ಷಕ್ಕೆ ಸುಮಾರು 5,700 ಜನ ಸಾಯುತ್ತಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜಿಸಿದೆ. ನಾಯಿಗಳಿಂದ ಹರಡುವ ರೇಬಿಸ್ ಅನ್ನು 2030ರೊಳಗೆ ನಿರ್ಮೂಲ ಮಾಡುವ ರಾಷ್ಟ್ರೀಯ ಕ್ರಿಯಾ ಯೋಜನೆಗೆ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 28ರಂದು ಚಾಲನೆ ಕೊಟ್ಟಿತು. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆ ಬಿದ್ದರೆ ಸೋಂಕಿನ ಸರಪಳಿ ಕಡಿಯುತ್ತದೆ ಎಂಬುದು ಇದರ ಆಧಾರ.

ಒಂದು ವಾರ್ಡ್‌ನಲ್ಲಿ 100 ನಾಯಿಗಳಿವೆ, ಈ ವರ್ಷ 75ಕ್ಕೆ ಲಸಿಕೆ ಹಾಕಲಾಗಿದೆ ಎಂದುಕೊಳ್ಳೋಣ. ವರ್ಷದೊಳಗೆ 30 ನಾಯಿಗಳು ಸತ್ತು ಅವುಗಳ ಜಾಗಕ್ಕೆ 30 ಹೊಸ ನಾಯಿಗಳು ಬಂದರೆ, ಲಸಿಕೆಯಾದ ನಾಯಿಗಳ ಸಂಖ್ಯೆ 52 ಅಥವಾ 53ಕ್ಕೆ ಇಳಿಯುತ್ತದೆ. ಯಾರೂ ಕೆಲಸ ತಪ್ಪಿಸದಿದ್ದರೂ ಗುರಿ ಕೈತಪ್ಪುತ್ತದೆ. ನಾಯಿಗಳು ಬೇಗ ಸತ್ತು ಬೇಗ ಹುಟ್ಟುವ ಊರಿನಲ್ಲಿ ಲಸಿಕೆಗೆ ಸುರಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ.

ನಿಯಮಗಳಲ್ಲೂ ಒಂದು ಕಂದಕವಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಂತಾನಹರಣಕ್ಕಾಗಿ 6 ತಿಂಗಳೊಳಗಿನ ಮರಿಗಳನ್ನು ಹಿಡಿಯುವಂತಿಲ್ಲ. ಪುಟ್ಟ ಮರಿಗೆ ಶಸ್ತ್ರಚಿಕಿತ್ಸೆ ಬೇಡ ಎಂಬುದು ಸರಿಯೇ. ಆದರೆ ಸಂತಾನಹರಣಕ್ಕೆ ಹಿಡಿದಾಗಲೇ ಲಸಿಕೆ, ಹುಳುವಿನ ಔಷಧ ಎರಡನ್ನೂ ಕೊಡುವ ಪದ್ಧತಿ ಇರುವುದರಿಂದ, ಆರು ತಿಂಗಳವರೆಗೆ ಮರಿ ಯಾವ ವ್ಯವಸ್ಥೆಯ ಕಣ್ಣಿಗೂ ಬೀಳುವುದಿಲ್ಲ. ರೋಗಗಳು ಅತಿ ಹೆಚ್ಚು ಕೊಲ್ಲುವುದು, ಬೀದಿಯ ಮಕ್ಕಳು ಅತಿ ಹೆಚ್ಚು ಮುಟ್ಟಿ ಆಡುವುದು ಇದೇ ವಯಸ್ಸಿನ ಮರಿಗಳನ್ನು. ಸಾಮೂಹಿಕ ರೇಬಿಸ್ ಲಸಿಕೆ ಅಭಿಯಾನದಲ್ಲಿ ಮೂರು ತಿಂಗಳೊಳಗಿನ ಮರಿಗಳನ್ನೂ ಬಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿಯೇ.

ಶೆಡ್‌ಗಳಿಗೆ ತುಂಬಿದರೆ?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮತ್ತೊಂದು ಹೆಜ್ಜೆ ಮುಂದಿಟ್ಟಿತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು ಆಶ್ರಯತಾಣಗಳಿಗೆ ಸಾಗಿಸಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದಿತು. ಆಸ್ಪತ್ರೆಯ ವಾರ್ಡ್ ಬಾಗಿಲಲ್ಲಿ ನಾಯಿ ಮಲಗುವುದನ್ನು ಯಾರೂ ಸಮರ್ಥಿಸಲಾರರು. ಕಚ್ಚಿಸಿಕೊಂಡ ಮಕ್ಕಳ ಪೋಷಕರ ಸಿಟ್ಟೂ ನ್ಯಾಯವಾದದ್ದೇ.

ಆದರೆ ಬೇರೆ ಬೇರೆ ಬೀದಿಗಳ ನಾಯಿಗಳನ್ನು ಒಂದೇ ಛಾವಣಿಯಡಿ ಕೂಡಿಹಾಕುವುದೆಂದರೆ ಪಾರ್ವೊ, ಡಿಸ್ಟೆಂಪರ್‌ಗೆ ಬಾಗಿಲು ತೆರೆದಂತೆ. ಬಂದ ದಿನವೇ ಲಸಿಕೆ, ಹೊಸ ನಾಯಿಗಳಿಗೆ ಪ್ರತ್ಯೇಕ ಕೋಣೆ, ಮರಿಗಳಿಗೆ ಬೇರೆ ಜಾಗ, ತೊಳೆಯಬಹುದಾದ ನೆಲ, ಕೆಲಸಗಾರರಿಗೆ ಬೇರೆ ಚಪ್ಪಲಿ ಮತ್ತು ಪೊರಕೆ ಇಲ್ಲದಿದ್ದರೆ ಬಿಷ್ಣುಪುರದಲ್ಲಿ ಬೀದಿಯಲ್ಲಿ ಆದದ್ದು ಗೋಡೆಗಳ ಒಳಗೆ ಆಗುತ್ತದೆ. ಕೋಲ್ಕತ್ತಾ ಪಾಲಿಕೆಯ ಧಾಪಾ ಕೇಂದ್ರವೇ ಇರಲಿ, ಬೆಂಗಳೂರಿನಲ್ಲಿ ಕಟ್ಟುವ ಹೊಸ ಶೆಡ್‌ಗಳೇ ಇರಲಿ, ಎಲ್ಲಕ್ಕೂ ಈ ಮಾತು ಒಂದೇ.

ನಾಯಿಯ ರೋಗ ನಾಯಿಯಲ್ಲೇ ನಿಲ್ಲುವುದಿಲ್ಲ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ 23 ಸಿಂಹಗಳು ಸತ್ತಾಗ, ಕೆಲವುಗಳಲ್ಲಿ ಡಿಸ್ಟೆಂಪರ್ ವೈರಸ್ ಪತ್ತೆಯಾಗಿ ವಿದೇಶದಿಂದ ಲಸಿಕೆ ತರಿಸಬೇಕಾಯಿತು. ಕೋಲ್ಕತ್ತಾದ ದಕ್ಷಿಣಕ್ಕೆ ಸುಂದರಬನದ ಹುಲಿಗಳಿವೆ. ಕರ್ನಾಟಕದಲ್ಲಿ ಬಂಡೀಪುರ, ನಾಗರಹೊಳೆಯ ಅಂಚಿನ ಹಳ್ಳಿಗಳಲ್ಲೂ ನಾಯಿಗಳು ಕಾಡಿಗೆ ಹೋಗಿ ಬರುತ್ತವೆ.

ಬೆಂಗಳೂರಿನ ಪ್ರಯೋಗ, ಕೋಲ್ಕತ್ತಾದ ಬಲ

ಈ ವಿಚಾರದಲ್ಲಿ ಬೆಂಗಳೂರು ಒಂದು ಹೆಜ್ಜೆ ಮುಂದಿಟ್ಟಿದೆ. 2019ರಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳ ಸಂಖ್ಯೆ 2023ರ ಸಮೀಕ್ಷೆಯಲ್ಲಿ 2.79 ಲಕ್ಷಕ್ಕೆ ಇಳಿದಿತ್ತು. 2025ರಲ್ಲಿ ಬಿಬಿಎಂಪಿ ರೇಬಿಸ್ ಜೊತೆಗೆ ಪಾರ್ವೊ, ಡಿಸ್ಟೆಂಪರ್, ಇಲಿಜ್ವರ ಮುಂತಾದವುಗಳ ಸಂಯುಕ್ತ ಲಸಿಕೆಯನ್ನೂ ಬೀದಿನಾಯಿಗಳಿಗೆ ಹಾಕುವ ಕಾರ್ಯಕ್ರಮ ಕೈಗೊಂಡಿತು. ಒಂದು ಡೋಸ್‌ಗೆ ಎಷ್ಟು ಬಲ, ಮರಿಗಳಿಗೆ ಮತ್ತೆ ಹಾಕುವವರು ಯಾರು ಎಂಬ ಪ್ರಶ್ನೆಗಳಿವೆ. ಆದರೂ ಈ ರೋಗಗಳು ಪಾಲಿಕೆಯ ಹೊಣೆ ಎಂದು ಒಪ್ಪಿಕೊಂಡದ್ದೇ ದೊಡ್ಡ ಬದಲಾವಣೆ.

ಕೋಲ್ಕತ್ತಾಕ್ಕೆ ಬೇರೆ ಬಲವಿದೆ. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಪ್ರಾಣಿದಯಾ ಸಂಘ ಇಲ್ಲಿ ಹುಟ್ಟಿದ್ದು 1861ರಲ್ಲಿ. ಬೆಲ್ಗಾಚಿಯಾದ ಪಶುವೈದ್ಯ ಕಾಲೇಜು 1893ರದು, ಇಂದು ಅದು ವಿಶ್ವವಿದ್ಯಾಲಯದ ಭಾಗ. ನಾಯಿಗಳ ನಡವಳಿಕೆಯನ್ನು ಬೀದಿಯಲ್ಲೇ ಅಳೆದ ಐಸರ್ ಇದೆ. ಯಾವ ತಿಂಗಳು ಮರಿಗಳು ಹುಟ್ಟುತ್ತವೆ, ಎಷ್ಟು ಉಳಿಯುತ್ತವೆ ಎಂಬ ಮಾಹಿತಿ ಕೈಯಲ್ಲೇ ಇರುವ ನಗರಗಳು ದೇಶದಲ್ಲಿ ಹೆಚ್ಚಿಲ್ಲ.

ಮರಿ ಉಳಿಸಿದರೆ ನಾಯಿ ಹೆಚ್ಚುವುದಿಲ್ಲವೇ?

ಈ ಆಕ್ಷೇಪ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಸಂತಾನಹರಣ ಮಾಡದೆ ಮರಿಗಳಿಗೆ ಲಸಿಕೆ ಮಾತ್ರ ಹಾಕಿದರೆ ನಾಯಿಗಳ ಸಂಖ್ಯೆ ಖಂಡಿತ ಏರುತ್ತದೆ. ಅದಾಗಲೇ ಕಚ್ಚಿಸಿಕೊಂಡು ಬೇಸತ್ತ ಜನರಿಗೆ ಅದು ಅನ್ಯಾಯ. ಎರಡೂ ಕೆಲಸ ಕೂಡಿ ನಡೆಯಬೇಕು. ಮರಿ ಹಾಕದ, ಲಸಿಕೆಯಾದ, ಹುಳುವಿಲ್ಲದ, ಬೀದಿಯವರಿಗೆ ಪರಿಚಯವಿರುವ ವಯಸ್ಕ ನಾಯಿಗಳು ಹೆಚ್ಚು ದಿನ ಬದುಕಿದಷ್ಟೂ ಹೊಸ ನಾಯಿಗಳಿಗೆ ಜಾಗ ಕಡಿಮೆಯಾಗುತ್ತದೆ. ಸಾಯುವುದಕ್ಕೆ ಬಿಟ್ಟು ಸಂಖ್ಯೆ ಇಳಿಸುವ ಉಪಾಯ ಫಲಿಸುವುದಾಗಿದ್ದರೆ, 100ರಲ್ಲಿ 81 ಮರಿ ಸಾಯುವ ಬಂಗಾಳದ ಬೀದಿಗಳು ಎಂದೋ ಖಾಲಿಯಾಗಬೇಕಿತ್ತು.

ಮಾಡಬೇಕಾದ ಕೆಲಸ ದುಬಾರಿಯೂ ಅಲ್ಲ. ಚಳಿಗಾಲಕ್ಕೆ ಮುನ್ನ ಹೆಣ್ಣುನಾಯಿಗಳ ಸಂತಾನಹರಣಕ್ಕೆ ಆದ್ಯತೆ ಕೊಡಬಹುದು. ಮರಿಗಳ ಕಾಲದಲ್ಲಿ ಕೇರಿಯ ಪೋಷಕರ ಸಹಾಯದಿಂದ ಹುಳುವಿನ ಔಷಧ ಹಂಚಬಹುದು. ಮೂರು ತಿಂಗಳಾದ ಮರಿಗಳಿಗೆ ಅಲ್ಲಲ್ಲೇ ಲಸಿಕೆ ಹಾಕಬಹುದು. ನಾಯಿಗಳ ಅಸಹಜ ಸಾವು ಕಂಡರೆ ತಿಳಿಸಲು ಒಂದು ಸಂಖ್ಯೆ, ಪರೀಕ್ಷೆಗೆ ಒಂದು ಪ್ರಯೋಗಾಲಯ ಗೊತ್ತುಮಾಡಬಹುದು. ಕರ್ನಾಟಕ 2022ರಲ್ಲಿ ಮನುಷ್ಯರ ರೇಬಿಸ್ ಅನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿತು. ನಾಯಿಗಳ ರೋಗಕ್ಕೂ ಇಂಥದ್ದೇ ನಿಗಾ ಬೇಕು.

ಮನೆಯಲ್ಲಿ ಮರಿ ಇರುವವರು ಮಾಡಬೇಕಾದ್ದು ಇನ್ನೂ ಸರಳ. 8 ವಾರಕ್ಕೆ ಮೊದಲು ಮರಿ ತರಬಾರದು. ಲಸಿಕೆ ಕಾರ್ಡ್‌ನಲ್ಲಿ 16 ವಾರದ ಡೋಸ್ ತಪ್ಪಿಸಬಾರದು. ಅಲ್ಲಿಯವರೆಗೆ ಬೀದಿ, ಉದ್ಯಾನದಲ್ಲಿ ಮರಿಯನ್ನು ಇಳಿಬಿಡಬಾರದು. ವಾಂತಿ, ಭೇದಿ ಶುರುವಾದರೆ ಮನೆಮದ್ದಿಗೆ ಕಾಯದೆ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಕೆಲವು ಮನೆಗಳ ಮುಂದೆ ಅನ್ನಕ್ಕಾಗಿ ಬರುವ ಬೀದಿಮರಿಯೂ ಇರುತ್ತದೆ. ವೈದ್ಯರನ್ನು ಕೇಳಿ ಅದರ ತೂಕಕ್ಕೆ ತಕ್ಕಷ್ಟು ಹುಳುವಿನ ಔಷಧವನ್ನು ಆ ಅನ್ನದ ಜೊತೆಗೇ ಕೊಟ್ಟರೆ ಮರಿಗೂ ಒಳ್ಳೆಯದು, ಅದರೊಂದಿಗೆ ಆಡುವ ಮನೆಯ ಮಗುವಿಗೂ ಒಳ್ಳೆಯದು.